ಮಂಕರಿಯ ಮೇಲಿನ ಬಟ್ಟೆ

ನನಗೆ ಅಕ್ಕಿ ಗೊತ್ತು. ಮೂವತ್ತೊಂದು ವರ್ಷ ಸಾಸ್ವೆಹಳ್ಳಿ, ತ್ಯಾವಣಿಗೆ ಕಡೆಯ ರೈಸ್‌ಮಿಲ್‌ಗಳಲ್ಲಿ ಮೇಸ್ತ್ರಿಯಾಗಿದ್ದವನು. ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಡಿದರೆ ಸಾಕು, ಅದು ಯಾವ ತಳಿ, ಕೊಯ್ದು ಎಷ್ಟು ತಿಂಗಳಾಯಿತು, ಒಣಗಿಸಿದವನು ಆತುರಗಾರನೋ ಸಮಾಧಾನಿಯೋ ಎಂದು ಹೇಳಬಲ್ಲೆ. ಮದುವೆ ಊಟಕ್ಕೆ ಹೋದರೂ ಮೊದಲ ತುತ್ತಿಗೆ ಕಣ್ಣು ಮುಚ್ಚಿ, ತಲೆಯಾಡಿಸಿ, ಆಚೀಚೆ ಕೂತವರಿಗೆ ತೀರ್ಪು ಕೊಡುವುದು ನನ್ನ ಅಭ್ಯಾಸ. ನನ್ನ ಹೆಂಡತಿ ದ್ಯಾಮಮ್ಮ ಈಚೆಗೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂರುವುದನ್ನೇ ಬಿಟ್ಟಿದ್ದಾಳೆ.

ಇಷ್ಟು ತಿಳಿದ ನಾನು ಗಾದ್ರಮ್ಮನ ಕೊಪ್ಪರಿಗೆಯನ್ನು ಉಳಿಸಲು ಹೋಗಿ ಏನು ಮಾಡಿದೆ ಎಂಬುದನ್ನು ಹೇಳಿಬಿಡಬೇಕು. ನಾನು ಹೇಳದಿದ್ದರೆ ದ್ಯಾಮಮ್ಮ ಹೇಳುತ್ತಾಳೆ. ಅವಳು ಹೇಳಿದರೆ ಇದು ಇನ್ನೂ ಚೆನ್ನಾಗಿರುತ್ತದೆ, ನನ್ನ ಕಷ್ಟ ಅದೇ.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮೂರು. ಊರಿನ ಅಂಚಿನಲ್ಲಿ ಒಂದು ಚರ್ಚು, ಅದಕ್ಕೆ ಆತುಕೊಂಡಂತೆ ಒಂದೇ ಉದ್ದ ಕೋಣೆಯ ಶಾಲೆ. ಎರಡಕ್ಕೂ ಸುಣ್ಣದ ಗಾರೆ, ಕೆಂಪು ಹೆಂಚು. ಕಟ್ಟಿಸಿದ ಪಾದ್ರಿಯ ಹೆಸರು ಕಲ್ಲಿನಲ್ಲಿ ಸವೆದುಹೋಗಿದೆ, ನೂರಮೂವತ್ತು ವರ್ಷದ ಕೆಳಗಿನ ಇಸವಿ ಮಾತ್ರ ಉಳಿದಿದೆ. ಕ್ರೈಸ್ತರ ಮನೆಗಳು ಊರಿನಲ್ಲಿ ಹನ್ನೊಂದೇ. ಆದರೆ ಆ ಶಾಲೆಯನ್ನು ನಾವು ಬಂಗ್ಲೆ ಶಾಲೆ ಎನ್ನುತ್ತೇವೆ, ಅಲ್ಲಿ ಅಕ್ಷರ ಕಲಿಯದ ಮನೆ ಈ ಸುತ್ತಿನಲ್ಲಿ ಕಡಿಮೆ. ಹಾಗಾಗಿ ಸುಗ್ಗಿ ಮುಗಿದ ಮೇಲೆ ಜನವರಿಯ ಒಂದು ಭಾನುವಾರ ಅಲ್ಲಿ ಕುಟುಂಬ ದಿನ ನಡೆಯುತ್ತದೆ. ಚನ್ನಗಿರಿ, ಜಗಳೂರು ಕಡೆ ಚದುರಿಹೋದವರೂ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ವಿಭೂತಿ ಹಚ್ಚಿದ ನಮ್ಮಂಥವರು ಹಿಂದಿನ ಬೆಂಚುಗಳಲ್ಲಿ ಕೂತು, ಚಿಕ್ಕಂದಿನಲ್ಲಿ ಬಾಯಿಪಾಠವಾದ ಕೀರ್ತನೆಗಳನ್ನು ಭಜನೆಯ ಧಾಟಿಗೆ ಎಳೆದು ಹಾಡುತ್ತೇವೆ. ಪ್ರಾರ್ಥನೆ ನಡೆಸುವ ಸಭಾಪಾಲಕರು ದೊಡ್ಡ ಮನಸ್ಸಿನವರು, ಕೇಳಿಸದವರ ಹಾಗೆ ಇರುತ್ತಾರೆ.

ಆ ದಿನದ ಊಟಕ್ಕೆ ಒಂದು ಪದ್ಧತಿ ಇದೆ. ಒಂದೊಂದು ಮನೆಯವರೂ ಅರ್ಧ ಸೇರು ಅಕ್ಕಿ ತರಬೇಕು, ತಮ್ಮ ಮನೆಯಲ್ಲಿ ದಿನಾ ಉಣ್ಣುವ ಅಕ್ಕಿಯನ್ನೇ. ಚರ್ಚಿನ ಮೆಟ್ಟಿಲ ಮೇಲೆ ಒಂದು ದೊಡ್ಡ ಬಿದಿರಿನ ಮಂಕರಿ ಇಟ್ಟು ಅದರ ಬಾಯಿಗೆ ದಪ್ಪ ಬಿಳಿ ಬಟ್ಟೆ ಕಟ್ಟಿರುತ್ತಾರೆ. ಬಟ್ಟೆಯ ನಡುವೆ ಕೈ ತೂರುವಷ್ಟು ಸೀಳು. ಚೀಲದ ಸಮೇತ ಮೊಣಕೈವರೆಗೆ ಕೈಯನ್ನು ಒಳಗೆ ಬಿಟ್ಟು, ಅಲ್ಲೇ ಸುರಿದು, ಖಾಲಿ ಚೀಲ ಹೊರಗೆ ತೆಗೆಯಬೇಕು. ಎಪ್ಪತ್ತೆಂಟು ಮನೆಯ ಅಕ್ಕಿ ಹೀಗೆ ಕೂಡುತ್ತದೆ, ಒಂದೇ ಕೊಪ್ಪರಿಗೆಯಲ್ಲಿ ಬೇಯುತ್ತದೆ, ಅವರೆಕಾಳು ಸಾರಿನ ಜೊತೆ ಎಲ್ಲರ ಎಲೆಗೆ ಬರುತ್ತದೆ.

ಆ ಬಟ್ಟೆ ಯಾಕೆ ಎಂದು ನಾನು ಐವತ್ತು ವರ್ಷ ಯೋಚಿಸಲಿಲ್ಲ. ನೊಣ ಕೂರಬಾರದು ಎಂದಿರಬೇಕು ಅಂದುಕೊಂಡಿದ್ದೆ. ಗೊತ್ತಿಲ್ಲದ್ದಕ್ಕೆಲ್ಲ ಇಂಥ ಒಂದು ಕಾರಣ ನನ್ನ ಬಳಿ ಯಾವಾಗಲೂ ಸಿದ್ಧವಿರುತ್ತದೆ.

ಕೊಪ್ಪರಿಗೆಯ ಒಡತಿ ಗಾದ್ರಮ್ಮ. ಜಗಳೂರು ಕಡೆಯವಳು. ಗಂಡ ತೀರಿಕೊಂಡ ವರ್ಷ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಕಂಕುಳಲ್ಲಿ ಒಂದು ಹೆಣ್ಣುಕೂಸು ಇಟ್ಟುಕೊಂಡು ಕೆಲಸ ಹುಡುಕುತ್ತ ಬಂದಳಂತೆ. ಆಗಿನ ಹೆಡ್‌ಮಿಸ್ಸು ಶಾಲೆಗೆ ನೀರು ಹೊರಲು ಇಟ್ಟುಕೊಂಡರು. ನೀರಿನ ಹಿಂದೆ ಕಸ ಗುಡಿಸುವುದು ಬಂತು, ಗಂಟೆ ಹೊಡೆಯುವುದು ಬಂತು, ಹೊಸದಾಗಿ ಸೇರಿ ಅಳುವ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದೂ ಬಂತು. ಶಾಲೆಗೆ ಗಡಿಯಾರ ಇರಲಿಲ್ಲ. ಮುಂದಿನ ಹುಣಸೆಮರದ ನೆರಳು ಮೂರನೇ ಮೆಟ್ಟಿಲಿಗೆ ಬಂದರೆ ಅವಳು ಊಟದ ಗಂಟೆ ಹೊಡೆಯುತ್ತಿದ್ದಳು. ಮುಂದೆ ಗಡಿಯಾರ ಬಂದಾಗ, ನೆರಳು ನೋಡಿ ಗಡಿಯಾರದ ಮುಳ್ಳು ತಿರುಗಿಸುತ್ತಿದ್ದಳು.

ನನ್ನ ಮೂಗನ್ನು ಅವಳು ತನ್ನ ಸೆರಗಿನಿಂದ ಎಷ್ಟು ಸಲ ಒರೆಸಿದ್ದಾಳೋ ಲೆಕ್ಕವಿಲ್ಲ. ನನಗೀಗ ಐವತ್ತೆಂಟು. ಈಗಲೂ ಅವಳೆದುರು ನಿಂತರೆ ಮೊದಲು ಮೂಗು ಮುಟ್ಟಿ ನೋಡಿಕೊಳ್ಳುತ್ತೇನೆ.

ಅವಳು ಮತ ಬದಲಿಸಲಿಲ್ಲ, ಯಾರೂ ಬದಲಿಸು ಎನ್ನಲೂ ಇಲ್ಲ. ಮಂಗಳವಾರ ಅಮ್ಮನ ಗುಡಿಗೆ ಹೋಗುತ್ತಾಳೆ, ಭಾನುವಾರ ಚರ್ಚಿನ ಗಂಟೆ ಎಳೆಯುತ್ತಾಳೆ. ಮಗಳು ಮದುವೆಯಾಗಿ ಜಗಳೂರಿನಲ್ಲೇ ಇದ್ದಾಳೆ, ಬಂದುಬಿಡು ಎಂದು ಕರೆಯುತ್ತಲೇ ಇರುತ್ತಾಳೆ. ಹಬ್ಬಕ್ಕೆ ಹೋಗಿ ನಾಲ್ಕು ದಿನಕ್ಕೆ ವಾಪಸ್ಸು ಬರುವ ಗಾದ್ರಮ್ಮ ಶಾಲೆಯ ಹಿಂದಿನ ಕೋಣೆಯ ಬೀಗ ತೆಗೆದು, ಮೊದಲು ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿ ಅದರ ಸದ್ದು ಕೇಳುತ್ತಾಳೆ.

ಓದು ಬರಹ ಬಾರದ ಅವಳ ತಲೆಯಲ್ಲಿ ಎಪ್ಪತ್ತೆಂಟು ಮನೆಗಳ ಹೆಸರು ಸಾಲಾಗಿ ಕೂತಿವೆ. ಯಾವ ಮನೆಯ ಮಗು ಮೊದಲು ಶಾಲೆಗೆ ಸೇರಿತೋ ಆ ಮನೆ ಮೊದಲು. ಕುಟುಂಬ ದಿನದಂದು ಪ್ರಾರ್ಥನೆ ಮುಗಿದ ಮೇಲೆ ಅವಳು ಮೆಟ್ಟಿಲ ಮೇಲೆ ನಿಂತು ಕೂಗುತ್ತಾಳೆ. ಬಡಗೇರ ಮನೆ, ಹೊಳೆದಂಡೆ ಮನೆ, ಅಂಚೆಯವರ ಮನೆ. ಒಬ್ಬೊಬ್ಬರೂ ‘ಬಂದೀವಿ’ ಎನ್ನಬೇಕು. ಒಂದು ಮನೆಯವರು ಬಾರದಿದ್ದರೆ ಮುಂದಿನ ಮನೆಯವರು ಅವರ ಪರವಾಗಿ ‘ಬರ್ತಾರೆ’ ಎನ್ನುತ್ತಾರೆ. ಇಲ್ಲ ಎಂಬ ಮಾತು ಆ ಹಾಜರಿಯಲ್ಲಿ ಇಲ್ಲ. ಹಾಜರಿ ಮುಗಿದ ಮೇಲೆಯೇ ಕೊಪ್ಪರಿಗೆಯ ಕೆಳಗೆ ಬೆಂಕಿ.

ಇನ್ನು ಅನ್ನದ ವಿಷಯ. ಅದು ಎಂದೂ ಚೆನ್ನಾಗಿ ಆಗಿಲ್ಲ. ಹೇಗೆ ಆಗಬೇಕು? ಹಳೆಯ ಸೋನಾ, ಮೊನ್ನೆ ಮಿಲ್ಲಿನಿಂದ ಬಂದ ಹೊಸ ಅಕ್ಕಿ, ದಪ್ಪ ಐಆರ್, ರೇಷನ್ನಿನ ಸೊಸೈಟಿ ಅಕ್ಕಿ, ಎಲ್ಲ ಒಂದೇ ನೀರಿನಲ್ಲಿ. ಹೊಸದು ಗಂಜಿಯಾಗುವ ಹೊತ್ತಿಗೆ ಹಳೆಯದು ಇನ್ನೂ ಕಟಕಟ ಎನ್ನುತ್ತಿರುತ್ತದೆ. ಗಾದ್ರಮ್ಮ ಸಭಾಪಾಲಕರ ಪ್ರಸಂಗ ಮುಗಿಯುವವರೆಗೆ ಅಕ್ಕಿ ನೆನೆಸಿ, ಬೆಂದ ಮೇಲೆ ಒದ್ದೆ ಗೋಣಿ ಮುಚ್ಚಿ, ತನ್ನ ಕೈಲಾದ ರಾಜಿ ಮಾಡಿಸುತ್ತಿದ್ದಳು. ಜನ ಗೊಣಗುತ್ತ ಉಣ್ಣುತ್ತಿದ್ದರು. ಮುಂದಿನ ವರ್ಷವೂ ಬಂದು ಗೊಣಗುತ್ತಿದ್ದರು.

ಹೋದ ವರ್ಷ ಮಾತ್ರ ಅನ್ನ ಬಹಳ ಮಿಕ್ಕಿತು. ಎರಡು ಬುಟ್ಟಿ ತಿಪ್ಪೆಗುಂಡಿಗೆ ಹೋಯಿತು. ಕುಟುಂಬ ದಿನದ ಕಮಿಟಿಯ ಕಾರ್ಯದರ್ಶಿ ಪ್ರವೀಣ್ ಕುಮಾರ್ ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ. ಒಳ್ಳೆಯ ಹುಡುಗನೇ, ಅನ್ನ ಚೆಲ್ಲುವುದು ಕಂಡರೆ ಅವನಿಗೆ ಹೊಟ್ಟೆ ಉರಿಯುತ್ತದೆ. ಈ ವರ್ಷವೂ ಅನ್ನ ಮಿಕ್ಕಿದರೆ ಮುಂದಿನ ವರ್ಷದಿಂದ ಹೊನ್ನಾಳಿಯ ಕ್ಯಾಟರಿಂಗ್‌ನವರಿಗೆ ಹೇಳುವುದು, ಕೊಪ್ಪರಿಗೆಯನ್ನು ತೊಳೆದು ಶಾಲೆಯ ಮೂಲೆಯಲ್ಲಿ ಹೂಕುಂಡದ ಪಕ್ಕ ಇಡುವುದು ಎಂದು ಕಮಿಟಿ ತೀರ್ಮಾನಿಸಿತು.

ಗಾದ್ರಮ್ಮನಿಗೆ ಎಂಬತ್ತು. ಮಂಡಿ ಮಡಚುವುದಿಲ್ಲ, ಒಲೆಯ ಮುಂದೆ ಕೂರಲಾಗುವುದಿಲ್ಲ. ಸಂಕ್ರಾಂತಿಯ ಮರುದಿನ ನನ್ನನ್ನು ಕರೆಸಿದಳು. ನಾನು ಹೋಗಿ, ಮೂಗು ಮುಟ್ಟಿ ನೋಡಿಕೊಂಡು, ನಿಂತೆ.

“ನೀನು ಅಕ್ಕಿಯೊಳಗೆ ಹುಟ್ಟಿದಂಗೆ ಮಾತಾಡ್ತೀಯಲ್ಲ,” ಅಂದಳು. “ಈ ಸಲ ಒಲೆ ನೀನು ನೋಡ್ಕ. ಒಂದಗುಳು ಮಿಗಬಾರದು. ಇದು ಹೂಕುಂಡದ ಪಕ್ಕ ಕೂರೋದು ನಾನು ಕಣ್ಣಲ್ಲಿ ನೋಡಬಾರದು.”

ಅವಳ ದನಿ ಸಣ್ಣಗೆ ನಡುಗಿತು. ಆ ನಡುಕವನ್ನು ನಾನು ನನ್ನ ಮೇಲಿನ ಭರವಸೆ ಎಂದು ತಿಳಿದುಕೊಂಡು ಎದೆಯುಬ್ಬಿಸಿ ಮನೆಗೆ ಬಂದೆ.

ಒಂದು ವಾರ ಯೋಚಿಸಿದೆ. ಮಿಲ್ಲಿನಲ್ಲಿ ನಾವು ಏನು ಮಾಡುತ್ತೇವೆ? ಬೇರ್ಪಡಿಸುತ್ತೇವೆ. ಅಷ್ಟೇ ಅಲ್ಲವೇ ಉಪಾಯ. ನಾಲ್ಕು ಡ್ರಮ್ಮು, ನಾಲ್ಕು ಪಾತ್ರೆ, ನಾಲ್ಕು ಅಳತೆಯ ನೀರು. ಯಾವ ಕಾಳೂ ಗಂಜಿಯಾಗದು, ಯಾವುದೂ ಕಟಕಟ ಎನ್ನದು. ಶಾಲೆಯ ಟೀಚರ್ ಸಂಧ್ಯಾರಾಣಿಯವರಿಂದ ರಟ್ಟಿನ ಮೇಲೆ ಬರೆಸಿದೆ: ಸೋನಾ, ದಪ್ಪ, ಹೊಸ ಅಕ್ಕಿ, ಸೊಸೈಟಿ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದು, ಮೂಲೆಗೊಂದೊಂದು ಹೂವನ್ನೂ ಬಿಡಿಸಿಕೊಟ್ಟರು. ಗಾದ್ರಮ್ಮನಿಗೆ ಹೇಳಲಿಲ್ಲ. ಅನ್ನ ಬಿಳಿ ಮಲ್ಲಿಗೆಯಂತೆ ಅರಳಿದಾಗ ನೋಡಿ ಬೆರಗಾಗಲಿ ಎಂದಿದ್ದೆ.

ಆ ಭಾನುವಾರ ಬೆಳಿಗ್ಗೆ ದ್ಯಾಮಮ್ಮ ನಮ್ಮ ಮನೆಯ ಅರ್ಧ ಸೇರನ್ನು ಚೀಲಕ್ಕೆ ತುಂಬಿಟ್ಟಿದ್ದಳು. ನಮ್ಮ ಮನೆಯ ಅಕ್ಕಿ ಎಂದರೆ ಸೊಸೈಟಿ ಅಕ್ಕಿ. ಊರಿಗೆಲ್ಲ ತೀರ್ಪು ಕೊಡುವ ನಾನು ಮನೆಯಲ್ಲಿ ಅದನ್ನೇ ಉಣ್ಣುತ್ತೇನೆ ಎಂಬುದು ನಾವಿಬ್ಬರೇ ಬಲ್ಲ ಸಂಗತಿ. ಅವಳು ಸ್ನಾನಕ್ಕೆ ಹೋದಾಗ ಆ ಅಕ್ಕಿಯನ್ನು ಡಬ್ಬಿಗೆ ಸುರಿದು, ಮಿಲ್ಲಿನ ಗೆಳೆಯನಿಂದ ಕೇಳಿ ತಂದಿದ್ದ ಎರಡು ವರ್ಷದ ಹಳೆಯ ಸೋನಾವನ್ನು ಚೀಲಕ್ಕೆ ತುಂಬಿದೆ.

ಒಂಬತ್ತಕ್ಕೆ ಮೆಟ್ಟಿಲ ಮೇಲೆ ನಾಲ್ಕು ನೀಲಿ ಡ್ರಮ್ಮು ಸಾಲಾಗಿ ನಿಂತವು. ಮಂಕರಿಯನ್ನು ಒಳಗೆ ಹಾಕಿಸಿದ್ದೆ. ಅದರ ಬಟ್ಟೆ ಬಿಸಿ ಪಾತ್ರೆ ಇಳಿಸಲು ಚೆನ್ನಾಗಿದೆ ಎಂದು ಒಲೆಯ ಹತ್ತಿರ ಮಸಿಬಟ್ಟೆಗಳ ಜೊತೆ ಇಟ್ಟುಕೊಂಡಿದ್ದೆ. ಗಾದ್ರಮ್ಮ ಗಂಟೆಯ ಹಗ್ಗದ ಬಳಿ, ಚರ್ಚಿನ ಹಿಂಬದಿಯಲ್ಲಿದ್ದಳು. ಸಾಲಿಗೆ ಮಾದರಿಯಾಗಲಿ ಎಂದು ಮೊದಲ ಚೀಲ ನನ್ನದೇ ಬಿಚ್ಚಿದೆ. ಎಲ್ಲರಿಗೂ ಕಾಣುವಂತೆ ಕೈಯೆತ್ತಿ ಸೋನಾ ಡ್ರಮ್ಮಿಗೆ ಸುರಿದೆ.

ಬಿದ್ದದ್ದು ಸೊಸೈಟಿ ಅಕ್ಕಿ. ದ್ಯಾಮಮ್ಮ ಮತ್ತೆ ಬದಲಾಯಿಸಿದ್ದಳು.

ಅವಳ ಕಡೆ ನೋಡಿದೆ. ಅವಳು ಹುಣಸೆಮರ ನೋಡುತ್ತಿದ್ದಳು. ನಾನು ಏನು ಮಾಡಬೇಕಿತ್ತು? ಮುಂದಿನ ಚೀಲದ ಅಸಲು ಸೋನಾವನ್ನು ತರಾತುರಿಯಲ್ಲಿ ಅದರ ಮೇಲೆ ಸುರಿಸಿ, ಮುಂಗೈಯಿಂದ ಕದಡಿ, ಗಂಭೀರವಾಗಿ ಮುಂದಿನವರ ಅಕ್ಕಿಯ ಕಾಳು ಬಾಯಿಗೆ ಹಾಕಿಕೊಂಡೆ.

ಹೀಗೆ ಒಬ್ಬೊಬ್ಬರ ಚೀಲಕ್ಕೂ ಕೈ ಹಾಕಿ, ಕಡಿದು, ಡ್ರಮ್ಮು ತೋರಿಸುತ್ತ ಹೋದೆ. ಚನ್ನಗಿರಿಯ ಅಡಿಕೆ ವ್ಯಾಪಾರಿ ಮರುಳಪ್ಪ ತನ್ನ ಸರದಿ ಬಂದಾಗ ಚೀಲವನ್ನು ಎದೆಗೆ ಅವುಚಿಕೊಂಡ. “ಏನ್ ಹಾಲಸ್ವಾಮಿ, ಪರೀಕ್ಷೆ ಇಟ್ಟೀಯೇನು? ಮುಂಚೇನೇ ಹೇಳಿದ್ರೆ ಓದ್ಕೊಂಡು ಬರ್ತಿದ್ವಲ್ಲ,” ಅಂದ. ಒಂದಿಬ್ಬರು ನಕ್ಕರು. ಉಳಿದವರು ನಗದೆ ತಮ್ಮ ತಮ್ಮ ಚೀಲದ ಬಾಯಿ ಬಿಗಿಯಾಗಿ ಹಿಡಿದದ್ದನ್ನು ನಾನು ಶಿಸ್ತು ಎಂದುಕೊಂಡೆ. ಕೊನೆಯ ಡ್ರಮ್ಮಿನ ಮುಂದೆ ಬಂದವರು ಬೇಗ ಬೇಗ ಸುರಿದು, ತಿರುಗಿ ನೋಡದೆ ಒಳಗೆ ಹೋದರು. ಅದನ್ನು ಭಕ್ತಿ ಎಂದುಕೊಂಡೆ.

ಸಾಲಿನ ಕೊನೆಯಲ್ಲಿ ಕತ್ತಲಗೆರೆಯ ನೇತ್ರಾವತಿ ಇದ್ದಳು. ಹೊಲಿಗೆ ಕೆಲಸದವಳು, ಇದೇ ಶಾಲೆಯಲ್ಲಿ ಓದಿದವಳು. ಒಬ್ಬಳೇ ಬಂದಿದ್ದಳು. ಅವಳು ಡ್ರಮ್ಮುಗಳನ್ನು, ಹೂವು ಬಿಡಿಸಿದ ರಟ್ಟುಗಳನ್ನು ಓದಿ, ಏನೋ ಮರೆತವಳಂತೆ ಹಣೆ ಮುಟ್ಟಿಕೊಂಡು ಗೇಟಿನ ಕಡೆ ಹೋದದ್ದನ್ನು ಕಂಡೆ. ಚಪ್ಪಲಿ ಎಲ್ಲೋ ಬಿಟ್ಟಿರಬೇಕು ಎಂದುಕೊಂಡೆ. ಗೊತ್ತಿಲ್ಲದ್ದಕ್ಕೆ ನನ್ನ ಬಳಿ ಕಾರಣ ಇರುತ್ತದೆ ಎಂದು ಮೊದಲೇ ಹೇಳಿದೆನಲ್ಲ.

ಹನ್ನೆರಡಕ್ಕೆ ಪ್ರಾರ್ಥನೆ ಮುಗಿಯಿತು. ಗಾದ್ರಮ್ಮ ಗೋಡೆ ಹಿಡಿದುಕೊಂಡು ಮುಂದಿನ ಮೆಟ್ಟಿಲಿಗೆ ಬಂದಳು. ಡ್ರಮ್ಮುಗಳನ್ನು ಕಂಡಳು. ಅವಳಿಗೆ ಓದಲು ಬಾರದು, ಆದರೆ ನಾಲ್ಕು ಎಂದು ಎಣಿಸಲು ಬರುತ್ತದೆ. ಎಣಿಸಿ, ಹಾಜರಿ ಶುರು ಮಾಡಿದಳು. ಬಂದೀವಿ, ಬಂದೀವಿ ಎಂದು ದನಿಗಳು ಬಂದವು, ಎಂದಿಗಿಂತ ಸಣ್ಣಗೆ. ಅರವತ್ತನಾಲ್ಕನೆಯದು ಕತ್ತಲಗೆರೆಯ ಹೊಲಿಗೆಯವರ ಮನೆ. ಉತ್ತರ ಇಲ್ಲ. ಮುಂದಿನ ಮನೆಯವರು ‘ಬರ್ತಾರೆ’ ಎನ್ನಲಿಲ್ಲ. ಅವಳು ಬಂದು ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಗಾದ್ರಮ್ಮ ಎರಡನೇ ಸಲ ಕೂಗಿದಳು. ಆಮೇಲೆ ಮಡಚಲಾಗದ ಮಂಡಿಯನ್ನು ಎರಡೂ ಕೈಯಿಂದ ಒತ್ತಿ ಮಡಚಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪ್ರವೀಣ್ ಕುಮಾರ್ ಕೈಗಡಿಯಾರ ನೋಡಿ, ಅನ್ನದ ಒಲೆ ಹಚ್ಚಿದರೆ ಒಳ್ಳೆಯದು, ಮಕ್ಕಳಿಗೆ ಹಸಿವಾಗುತ್ತದೆ ಎಂದ.

“ಹಾಜರಿ ಮುಗಿದಿಲ್ಲ,” ಅಂದಳು ಗಾದ್ರಮ್ಮ. ನನ್ನ ಕಡೆ ತಿರುಗಿ, “ಬಟ್ಟೆ ಎಲ್ಲೈತಿ?” ಎಂದು ಕೇಳಿದಳು.

ಒಲೆಯ ಹತ್ತಿರ ಹೋಗಿ ತಂದೆ. ಆಗಲೇ ಅದರ ಮೇಲೆ ಸಾರಿನ ಪಾತ್ರೆಯ ತಳ ಒಂದು ದುಂಡನೆಯ ಕಪ್ಪು ಮುದ್ರೆ ಒತ್ತಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಬಹುದಿತ್ತು, ನೀರಿನ ಅಳತೆ ವಿವರಿಸಬಹುದಿತ್ತು. ಅವಳು ಆ ಸೀಳಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೇಳಿದಳು: “ಇಲ್ಲಿಗೆ ಬಂದ ಮೊದಲ್ನೇ ವರ್ಷ ನನ್ ಚೀಲದಾಗೆ ಅಕ್ಕಿ ಇರ್ಲಿಲ್ಲ ಕಣೋ. ಬರೀ ನುಚ್ಚು. ಇದರೊಳಗೆ ಕೈ ಹಾಕಿ ಸುರುವಿದೆ. ಆಮೇಲೆ ಎಲ್ಲರ ಸಮ ಕೂತು ಉಂಡೆ.”

ನನಗೆ ಆ ಕ್ಷಣದಲ್ಲಿ ಅರ್ಥವಾಯಿತು. ಬಟ್ಟೆ ನೊಣಕ್ಕಲ್ಲ.

ಸೋನಾ ಡ್ರಮ್ಮಿನ ತಳಕ್ಕೆ ಕೈ ಹಾಕಿ ತೆಗೆದ ಒಂದು ಹಿಡಿ ಅಕ್ಕಿಯನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು, ಮರುಳಪ್ಪನ ಸ್ಕೂಟರ್ ಕೇಳಿ ಪಡೆದು ಬಸ್‌ಸ್ಟಾಪಿಗೆ ಹೋದೆ. ಭಾನುವಾರ ಒಂದೂವರೆ ತನಕ ನಮ್ಮೂರಿಗೆ ಬಸ್ಸಿಲ್ಲ. ನೇತ್ರಾವತಿ ಕಲ್ಲುಬೆಂಚಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ತಲೆನೋವು ಬಂತು ಅಣ್ಣ, ಅದಕ್ಕೆ ಹೊರಟೆ ಎಂದಳು.

ದಾರಿಯಲ್ಲಿ ಒಂದು ಭಾಷಣ ಜೋಡಿಸಿಕೊಂಡಿದ್ದೆ. ಅದು ಆ ಕಲ್ಲುಬೆಂಚಿನ ಮುಂದೆ ಮರೆತುಹೋಯಿತು. ಟವೆಲ್ಲಿನ ಗಂಟು ಬಿಚ್ಚಿ ಅಂಗೈ ಮುಂದೆ ಮಾಡಿದೆ. ಸೋನಾದ ಸಣ್ಣ ಕಾಳುಗಳ ನಡುವೆ ಸೊಸೈಟಿ ಅಕ್ಕಿ ಎದ್ದು ಕಾಣುತ್ತಿತ್ತು, ಅದರಲ್ಲಿ ಬೆರೆತು ಬರುವ ಆ ಹಳದಿ ಛಾಯೆಯ ಕಾಳುಗಳ ಸಮೇತ.

“ಈ ದಪ್ಪ ಕಾಳು ನಮ್ಮನೇದು ಕಣಮ್ಮ,” ಅಂದೆ. “ಸೋನಾ ಡ್ರಮ್ಮಿಗೆ ಮೊದ್ಲು ಸುರಿದೋನು ನಾನೇ. ನಮ್ಮನೇಲಿ ದಿನಾ ಉಣ್ಣೋದು ಇದೇ. ಯಾರಿಗೂ ಹೇಳಿಲ್ಲ.”

ಅವಳು ಅಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು. “ನಮ್ಮ ಅತ್ತೆ ಸತ್ತಾಗ ಬಂದು ನಮ್ಮನೆ ಅನ್ನಕ್ಕೆ ಹೆಸರಿಟ್ಟು ಹೋಗಿದ್ರಲ್ಲ,” ಅಂದಳು.

“ಹೋಗಿದ್ದೆ.”

“ಅದೂ ಇದೇ ಅಕ್ಕಿ.”

“ಗೊತ್ತಾಗಿತ್ತಮ್ಮ. ಮನೇಲಿ ದಿನಾ ಉಣ್ತೀನಲ್ಲ.”

ಅವಳಿಗೆ ನಗು ಬಂತು. ತಡೆಯಲು ಚೀಲವನ್ನು ಬಾಯಿಗೆ ಒತ್ತಿಕೊಂಡಳು, ಆದರೂ ಭುಜ ಕುಲುಕುತ್ತಿತ್ತು. ನನ್ನ ಜೀವನದಲ್ಲಿ ನನ್ನನ್ನು ನೋಡಿ ನಕ್ಕವರು ಬಹಳ ಜನ. ಅವರಲ್ಲಿ ಇಷ್ಟು ಕೃತಜ್ಞತೆಯಿಂದ ನಾನು ನೋಡಿದ್ದು ಇವಳೊಬ್ಬಳನ್ನೇ. ಸ್ಕೂಟರ್ ಹತ್ತುವಾಗ, “ಬಟ್ಟೆ ತೆಗೆದುಬಿಟ್ಟಿದ್ದಾರೇನೋ ಅಂದ್ಕೊಂಡೆ ಅಣ್ಣ, ಹೋದ ವರ್ಷ ಅದರ ಸೀಳಿಗೆ ಅಂಚು ಹೊಲಿದುಕೊಟ್ಟೋಳು ನಾನೇ,” ಎಂದಳು ನೇತ್ರಾವತಿ. ಕಪ್ಪು ಮುದ್ರೆಯ ವಿಷಯ ನಾನು ಹೇಳಲಿಲ್ಲ. ಒಂದು ದಿನಕ್ಕೆ ಒಂದು ತಪ್ಪೊಪ್ಪಿಗೆ ಸಾಕು.

ನಾವು ಮರಳಿದಾಗ ಮೆಟ್ಟಿಲ ಮೇಲೆ ಮಂಕರಿ ಇತ್ತು. ಬಾಯಿಗೆ ಆ ಮಸಿ ಹಿಡಿದ ಬಟ್ಟೆ ಕಟ್ಟಿತ್ತು. ಗಾದ್ರಮ್ಮ ಕೂತಲ್ಲಿಂದಲೇ ಕೆಲಸ ಮಾಡಿಸಿದ್ದಳು. ನಾಲ್ಕು ಡ್ರಮ್ಮಿನ ಅಕ್ಕಿಯೂ ಮಂಕರಿಯೊಳಗೆ ಒಂದಾಗಿತ್ತು. ಸಂಧ್ಯಾರಾಣಿ ಟೀಚರ್ ರಟ್ಟುಗಳನ್ನು ತಾವೇ ಹರಿದು ಒಲೆಗೆ ಇಟ್ಟಿದ್ದರು. ನೇತ್ರಾವತಿ ಸೀಳಿನೊಳಗೆ ಕೈ ಬಿಟ್ಟು ಸುರಿದಳು. ಗಾದ್ರಮ್ಮ ಮತ್ತೆ ಕೂಗಿದಳು, ಕತ್ತಲಗೆರೆ ಹೊಲಿಗೆಯವರ ಮನೆ.

“ಬಂದೀವಿ ಅಜ್ಜಿ,” ಎಂಬ ಉತ್ತರ ಬಂತು. ಅಲ್ಲಿಂದ ಮುಂದಿನ ಹದಿನಾಲ್ಕು ಮನೆಗಳ ದನಿ ಹುಣಸೆಮರದ ಹಕ್ಕಿಗಳನ್ನು ಎಬ್ಬಿಸಿತು.

ಅನ್ನದ ಒಲೆಗೆ ಬೆಂಕಿ ಬಿದ್ದಾಗ ಗಂಟೆ ಒಂದೂವರೆ. ಅಕ್ಕಿ ನೆನೆದಿರಲಿಲ್ಲ. ಕೊಪ್ಪರಿಗೆ ಕಾಯಲೇ ಒಂದು ಗಂಟೆ ಹಿಡಿಯಿತು. ನಾನು ಬೆವರು ಸುರಿಸುತ್ತ ಸೌಟು ತಿರುಗಿಸಿದೆ, ಒದ್ದೆ ಗೋಣಿ ಮುಚ್ಚಿದೆ, ಎಂದೂ ಇಲ್ಲದ ಹಾಗೆ ದೇವರನ್ನು, ಎರಡೂ ಕಡೆಯ ದೇವರನ್ನು ನೆನೆದೆ. ಮೂರೂವರೆಗೆ ಎಲೆ ಹಾಕಿದರು.

ಆ ಅನ್ನ ಹೇಗಿತ್ತು ಎಂದು ಅನುಭವಿಯಾಗಿ ಹೇಳುತ್ತೇನೆ. ಐವತ್ತು ವರ್ಷದಲ್ಲಿ ಆ ಕೊಪ್ಪರಿಗೆಯಿಂದ ಅಷ್ಟು ಕೆಟ್ಟ ಅನ್ನ ಬಂದಿರಲಿಲ್ಲ. ಅಡಿಯಲ್ಲಿ ಹತ್ತಿತ್ತು, ನಡುವೆ ಗಂಜಿ, ಮೇಲೆ ಅಕ್ಷತೆ. ಮೊದಲ ತುತ್ತಿಗೆ ನಾನು ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲಿಲ್ಲ, ತೀರ್ಪು ಕೊಡಲಿಲ್ಲ. ದ್ಯಾಮಮ್ಮ ಬಹಳ ವರ್ಷದ ಮೇಲೆ ನನ್ನ ಪಕ್ಕದ ಎಲೆಗೆ ಬಂದು ಕೂತಳು.

ಆದರೆ ಬೆಳಿಗ್ಗೆ ಎಂಟಕ್ಕೆ ಉಪ್ಪಿಟ್ಟು ತಿಂದು ಹೊರಟ ಮುನ್ನೂರು ಜನ ಮೂರೂವರೆಗೆ ಎಲೆ ಮುಂದೆ ಕೂತರೆ ಏನಾಗುತ್ತದೆ ಎಂಬುದು ಯಾವ ಮಿಲ್ಲಿನಲ್ಲೂ ಕಲಿಸದ ವಿದ್ಯೆ. ಗೊಣಗುತ್ತಲೇ ಉಂಡರು, ಗೊಣಗುತ್ತಲೇ ಮತ್ತೊಮ್ಮೆ ಬಡಿಸಿಕೊಂಡರು. ಮರುಳಪ್ಪ ಮೂರನೇ ಸಲ ಕರೆದು, ಇಷ್ಟು ಕೆಟ್ಟದಾಗಿ ಬೇಯಿಸಲು ಎಷ್ಟು ವರ್ಷ ಮಿಲ್ಲಿನಲ್ಲಿ ಇರಬೇಕು ಎಂದು ಕೇಳಿ, ಸಾರಿಗೆ ಗುಂಡಿ ಮಾಡಿಕೊಂಡ. ಮಕ್ಕಳು ತಳ ಹತ್ತಿದ್ದನ್ನೂ ಕೆರೆದು, ಬೆಲ್ಲ ಹಚ್ಚಿಕೊಂಡು, ಜಗಳವಾಡಿ ತಿಂದರು.

ಪ್ರವೀಣ್ ಕುಮಾರ್ ಮೊಬೈಲಿನ ಬೆಳಕು ಬಿಟ್ಟು ಕೊಪ್ಪರಿಗೆಯೊಳಗೆ ಇಣುಕಿದ. ಒಂದು ಸುತ್ತು ಹಾಕಿ ಇನ್ನೊಂದು ಕಡೆಯಿಂದಲೂ ಇಣುಕಿದ. ಒಂದಗುಳು ಇರಲಿಲ್ಲ. ಅನ್ನ ಹೇಗಿರಬೇಕು ಎಂದು ಕಮಿಟಿ ಬರೆದಿರಲಿಲ್ಲ, ಮಿಗಬಾರದು ಎಂದಷ್ಟೇ ಬರೆದಿತ್ತು. ಅವನು ಪ್ರಾಮಾಣಿಕ. ಖಾಲಿ ಕೊಪ್ಪರಿಗೆಯ ಫೋಟೊ ತೆಗೆದು ಅದನ್ನೂ ಗುಂಪಿಗೆ ಹಾಕಿದ.

ಗಾದ್ರಮ್ಮ ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದಳು. ಆಮೇಲೆ ಮಂಕರಿಯ ಬಟ್ಟೆ ತರಿಸಿ, ಮಡಚಿ, ನನ್ನ ಕೈಗಿಟ್ಟಳು.

“ಒಗೆದು ತಗೊಂಡ್ ಬಾ. ಮುಂದಿನ ವರ್ಷಾನೂ ನೀನೇ. ಕಾಳು ಮಾತ್ರ ಕಡೀಬ್ಯಾಡ.”

ನಾನು ಮೂಗು ಮುಟ್ಟಿ ನೋಡಿಕೊಂಡು, ಆಗಲಿ ಅವ್ವ ಎಂದೆ.

ಮೂರು ಸಲ ಒಗೆದರೂ ಆ ಕಪ್ಪು ಮುದ್ರೆ ಹೋಗಲಿಲ್ಲ. ಮರುದಿನ ಅಂಗಳದ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು, ನಡುವಿನ ಸೀಳಿನಲ್ಲಿ ಬಿಸಿಲು ತೂರಿ ಗೋಡೆಯ ಮೇಲೆ ಒಂದು ಬೆಳಕಿನ ಗೆರೆ ಅಲ್ಲಾಡುತ್ತಿತ್ತು. ಹೊಸದಾಗಿ ಊರಿಗೆ ಬಂದ ಪಕ್ಕದ ಮನೆಯಾತ ಬೇಲಿಯಾಚೆಯಿಂದ, ಅದು ಏನು ಬಟ್ಟೆ, ಯಾತಕ್ಕೆ ಎಂದು ಕೇಳಿದ. ಒಳಗೆ ದ್ಯಾಮಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟದ್ದು ನನಗೆ ಗೊತ್ತಾಯಿತು.

“ಅಕ್ಕಿ ಮೇಲೆ ನೊಣ ಕೂರಬಾರದಲ್ಲ,” ಅಂದೆ, “ಅದಕ್ಕೆ.”